ಗೋಳಕ್ಕೆ ಕೊಟ್ಟ ಕೊಂಬು

ಅಂಗಡಿಯ ಹಿಂದಿನ ಕೋಣೆಯಿಂದ,
ಗುರುವಾರ, ತಾರೀಖು ಹನ್ನೊಂದು

ಪ್ರೀತಿಯ ಮರೀ,

ಗಂಟಲು ಹೇಗಿದೆ? ಸೀಮೆಸುಣ್ಣದ ಧೂಳಿಗೆ ಕೆಮ್ಮು ಹತ್ತಿಕೊಂಡಿದೆ ಎಂದು ನೀನು ಹೋದ ತಿಂಗಳು ಬರೆದಿದ್ದೆ. ಈ ಸಲದ ಕಾಗದದಲ್ಲಿ ಕೆಮ್ಮಿನ ಸುದ್ದಿಯೇ ಇಲ್ಲ. ‘ಕ್ಲಾಸಿಗೇ ಹೋಗದೆ ನಾಲ್ಕು ದಿನ ಆಯ್ತಂತೆ, ಇನ್ನು ಧೂಳು ಎಲ್ಲಿಂದ ಬರಬೇಕು’ ಅಂದಳು ನಿನ್ನಮ್ಮ. ಅಂದು ಒಳಗೆ ಹೋಗಿ, ನಿನಗೆ ಕಳಿಸಲೆಂದು ತೆಗೆದಿಟ್ಟ ಸ್ವೆಟರನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿದಳು. ಮಂಡಿನೋವು ಬಿಟ್ಟರೆ ಅವಳು ಆರೋಗ್ಯವಾಗಿದ್ದಾಳೆ. ನಾನು ಎಂದಿನಂತೆ ಇದ್ದೇನೆ. ರಿಪೇರಿಗೆ ಬಂದ, ಔಷಧದ ಅಂಗಡಿಯವರ ಹಳೆಯ ತಕ್ಕಡಿಯೊಂದು ನನ್ನ ಮುಂದೆ ಬಿಚ್ಚಿಕೊಂಡು ಕೂತಿದೆ. ಎರಡು ತಟ್ಟೆಯೂ ಖಾಲಿ ಇರುವಾಗ ಮುಳ್ಳು ಕೂದಲೆಳೆಯಷ್ಟು ಎಡಕ್ಕೆ ವಾಲುತ್ತದೆ. ಮೂರು ದಿನದಿಂದ ಕಾರಣ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಇದು ನಿನಗೆ ಬೇಕಾದ ಸುದ್ದಿಯಲ್ಲ, ಗೊತ್ತು. ಆದರೂ ನಿನ್ನ ವಿಷಯಕ್ಕೆ ಬರುವ ಮೊದಲು ಏನಾದರೂ ಬರೆಯಬೇಕಲ್ಲ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಒಂಬತ್ತನೇ ಕ್ಲಾಸಿನ ಬೋರ್ಡಿನ ಮೇಲೆ ಲಿಫ್ಟಿನ ಲೆಕ್ಕ ಮಾಡುವಾಗ ಎರಡು ಸೊನ್ನೆ ಹೆಚ್ಚಾಗಿ, ಎಪ್ಪತ್ತು ಕಿಲೋದ ಮನುಷ್ಯ ಏಳು ಟನ್ ಆಗಿಬಿಟ್ಟದ್ದು, ನೀನು ಅದನ್ನು ಗಮನಿಸದೆ ಉತ್ತರದ ಕೆಳಗೆ ಎರಡು ಗೆರೆ ಎಳೆದದ್ದು, ಹಿಂದಿನ ಬೆಂಚಿನವನೊಬ್ಬ ಎದ್ದು ‘ಟೀಚರ್, ಅವನನ್ನ ಲಿಫ್ಟಿಗೆ ಹತ್ತಿಸಿದ್ದು ಕ್ರೇನಾ?’ ಎಂದು ಕೇಳಿದ್ದು. ಸಂಜೆಯ ಹೊತ್ತಿಗೆ ಇಡೀ ಶಾಲೆಯಲ್ಲಿ ನಿನ್ನ ಹೆಸರು ‘ಏಳು ಟನ್’. ಅಂದಿನಿಂದ ನೀನು ರಜೆಯಲ್ಲಿದ್ದೀಯ. ರಾಜೀನಾಮೆ ಬರೆದು ಚೀಲದಲ್ಲಿ ಇಟ್ಟುಕೊಂಡಿದ್ದೀಯ, ಸೋಮವಾರ ಬೆಳಗ್ಗೆ ಕೊಡುವವಳಿದ್ದೀಯ. ‘ಫೋನ್ ಮಾಡಬೇಡ ಅಪ್ಪ, ನಿನ್ನ ದನಿ ಕೇಳಿದ್ರೆ ಅತ್ತುಬಿಡ್ತೀನಿ. ಕೊಡಲಾ, ಬೇಡವಾ, ಒಂದೇ ಮಾತಲ್ಲಿ ಬರಿ’ ಎಂದಿದ್ದೀಯ. ಒಂದೇ ಮಾತಿನಲ್ಲಿ ಬರೆಯಲು ಕೂತೆ. ಹಾಗೆ ಬರೆದ ಮೂರು ಹಾಳೆ ಹರಿದು ಮೇಜಿನ ಕೆಳಗೆ ಬಿದ್ದಿವೆ. ಕೊನೆಗೆ ಸಹಿಯಾದ ಮೇಲೆ, ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಿದ್ದೀಯಲ್ಲ, ‘ನಾನು ಅಜ್ಜಿ ಅಲ್ಲ’ ಎಂದು, ಈ ಕಾಗದ ಉದ್ದವಾಗುವುದು ಅದಕ್ಕಾಗಿ.

ಅಜ್ಜಿಯ ಕಥೆಯನ್ನು ನಿನ್ನ ತಲೆಗೆ ತುಂಬಿದವಳು ನಿನ್ನ ಅತ್ತೆ, ನನ್ನ ತಂಗಿ. ನಾಲ್ಕು ಜನ ಸೇರಿದಲ್ಲೆಲ್ಲ ಹೇಳುತ್ತಾಳೆ, ನಿನಗೆ ಕೆಲಸ ಸಿಕ್ಕ ದಿನವೂ ಹೇಳಿದಳು. ಅಜ್ಜಿ ಬೋರ್ಡಿನ ಮೇಲೆ ತಪ್ಪು ಬರೆದಳಂತೆ, ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ, ಅಜ್ಜಿ ಹಿಂದೆ ತಿರುಗಿ ಅದೇ ತಪ್ಪನ್ನು ಹಿಡಿದುಕೊಂಡು ಎಲ್ಲರನ್ನೂ ಇನ್ನಷ್ಟು ನಗಿಸಿದಳಂತೆ, ಅಲ್ಲಿಂದ ಮುಂದೆ ‘ತಮಾಷೆ ಲೆಕ್ಕದ ಟೀಚರ್’ ಎಂದೇ ಹೆಸರಾದಳಂತೆ. ಕಥೆ ಚೆನ್ನಾಗಿದೆ, ನಾನೂ ಎಷ್ಟೋ ಸಲ ತಲೆಯಾಡಿಸಿದ್ದೇನೆ. ಆದರೆ ಅತ್ತೆಗೆ ಆಗ ಆರು ವರ್ಷ. ಅವಳು ಆ ಕ್ಲಾಸಿನಲ್ಲಿ ಇರಲಿಲ್ಲ. ನಾನು ಇದ್ದೆ. ಎರಡನೇ ಸಾಲು, ಕಿಟಕಿಯ ಪಕ್ಕ.

ಹೆತ್ತ ತಾಯಿಯ ಕ್ಲಾಸಿನಲ್ಲಿ ಕೂರುವುದು ಒಂದು ವಿಚಿತ್ರ ಉದ್ಯೋಗ. ಶಾಲೆಯ ಗೇಟಿನ ಒಳಗೆ ಅವಳು ಟೀಚರ್, ಹೊರಗೆ ಅಮ್ಮ. ಗೇಟು ದಾಟುವಾಗ ನಾಲಿಗೆಯನ್ನು ತಿರುಗಿಸಿಕೊಳ್ಳಬೇಕು. ಒಮ್ಮೆ ಕೈಮೇಲೆ ಡೆಸ್ಕಿನ ಮುಚ್ಚಳ ಬಿದ್ದು ‘ಅಮ್ಮಾ’ ಎಂದು ಕಿರುಚಿದೆ. ಯಾರು ಕಿರುಚಿದರೂ ಹಾಗೇ ಕಿರುಚುತ್ತಾರೆ, ಆದರೆ ನಾನು ಕಿರುಚಿದ್ದಕ್ಕೆ ಮಾತ್ರ ವಾರಗಟ್ಟಲೆ ಗೇಲಿ. ಇನ್ನೊಮ್ಮೆ ಮನೆಯಲ್ಲಿ ಊಟಕ್ಕೆ ಕೂತಾಗ ಬಾಯಿತಪ್ಪಿ ‘ಟೀಚರ್, ಉಪ್ಪು’ ಅಂದೆ. ಅದಕ್ಕೆ ಅವಳು ಅನ್ನ ಗಂಟಲಲ್ಲಿ ಸಿಕ್ಕುವಷ್ಟು ನಕ್ಕಳು. ಕ್ಲಾಸಿನಲ್ಲಿ ನಗುತ್ತಿರಲಿಲ್ಲ. ಅವಳು ಏಳೆಂಟು ವರ್ಷ ಚಿಕ್ಕ ಮಕ್ಕಳಿಗೆ ಕೂಡುವುದು ಕಳೆಯುವುದು ಹೇಳಿಕೊಟ್ಟವಳು. ಆ ವರ್ಷ ದೊಡ್ಡ ಕ್ಲಾಸಿನ ಭೌತಶಾಸ್ತ್ರದ ಮೇಷ್ಟ್ರು ಇದ್ದಕ್ಕಿದ್ದಂತೆ ಬಿಟ್ಟು ಹೋದರೆಂದು ಅವಳನ್ನು ಅಲ್ಲಿ ನಿಲ್ಲಿಸಿದ್ದರು. ಬೆಳಗ್ಗೆ ಒಲೆಯ ಮುಂದೆ ನಿಂತು ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ನಡುನಡುವೆ ಹಾಲು ಉಕ್ಕಿತು, ಸಾಕ್ಸ್ ಎಲ್ಲಿ, ಈ ಮನೆಯಲ್ಲಿ ನಾನೊಬ್ಬಳೇ ಕತ್ತೆ ಥರ ದುಡಿಯಬೇಕಾ, ಇತ್ಯಾದಿ. ನ್ಯೂಟನ್ನನ ಮೂರು ನಿಯಮಗಳೂ ನನಗೆ ಬಾಯಿಪಾಠ ಬಂದದ್ದು ಬೈಗುಳದ ಮಧ್ಯದಲ್ಲೇ.

ಆ ದಿನ ಅವಳು ಇಳಿಜಾರಿನ ಲೆಕ್ಕ ಕೊಡುವವಳಿದ್ದಳು. ಒಂದು ಟೊಳ್ಳು ಗೋಳ, ಒಂದು ಗಟ್ಟಿ ಗೋಳ, ಎರಡನ್ನೂ ಇಳಿಜಾರಿನ ಮೇಲಿನಿಂದ ಒಟ್ಟಿಗೆ ಬಿಟ್ಟರೆ ಯಾವುದು ಮೊದಲು ಕೆಳಗೆ ಬರುತ್ತದೆ ಎಂದು. ಅವಳ ಅಕ್ಷರ ನಿನಗೆ ನೆನಪಿದೆಯಲ್ಲ, ದುಂಡಗೆ, ಪ್ರತಿ ಕೊಂಬನ್ನೂ ಪೂರ್ತಿ ಸುತ್ತಿ ಬಿಡುವಂಥದ್ದು. ‘ಟೊಳ್ಳು’ ಎಂದು ಬರೆದ ಕೈ ಅದೇ ಓಟದಲ್ಲಿ ಗೋಳಕ್ಕೂ ಒಂದು ಕೊಂಬು ಕೊಟ್ಟಿತು. ಬೋರ್ಡಿನ ಮೇಲೆ ಬಂದದ್ದು ಹೀಗೆ: ‘ಒಂದು ಟೊಳ್ಳು ಗೋಳು ಮತ್ತು ಒಂದು ಗಟ್ಟಿ ಗೋಳು ಇಳಿಜಾರಿನಲ್ಲಿ ಉರುಳುತ್ತವೆ. ಯಾವ ಗೋಳು ಮೊದಲು ಬರುತ್ತದೆ?’ ಒಂದು ಸಲವಲ್ಲ, ಮೂರು ಸಲ. ಅವಳು ಚಿತ್ರ ಬರೆಯಲೆಂದು ಬಗ್ಗಿದಳು. ಕ್ಲಾಸು ಇನ್ನೂ ಕಾಪಿ ಮಾಡಿಕೊಳ್ಳುತ್ತಿತ್ತು, ಯಾರಿಗೂ ಹೊಳೆದಿರಲಿಲ್ಲ. ಹೊಳೆದದ್ದು ನನಗೆ. ಪಕ್ಕದಲ್ಲಿ ಕೂರುತ್ತಿದ್ದವನು ಕಡ್ಡಿಯ ಹಾಗಿದ್ದ ಒಬ್ಬ ಹುಡುಗ, ಅವನನ್ನು ‘ತಂತಿ’ ಅನ್ನುತ್ತಿದ್ದೆವು. ಅವನ ಕಿವಿಯಲ್ಲಿ ಹೇಳಿದೆ: ‘ನಮ್ಮನೇಲಿ ಬೆಳಗ್ಗೆ ಆರಕ್ಕೇ ಗಟ್ಟಿ ಗೋಳು ಶುರು.’

ಇದನ್ನು ನಾನು ಯಾರಿಗೂ ಹೇಳಿಲ್ಲ. ನಿನ್ನ ಅತ್ತೆಗೂ ಇಲ್ಲ. ಅವಳ ಕಥೆಯಲ್ಲಿ ನಗು ಎಲ್ಲಿಂದಲೋ ತಾನಾಗಿ ಹುಟ್ಟುತ್ತದೆ. ಅದು ಹುಟ್ಟಿದ್ದು ನನ್ನ ಬಾಯಿಯಲ್ಲಿ. ತಂತಿಯ ಮೂಗಿನಿಂದ ಕುಕ್ಕರಿನ ಸೀಟಿಯಂಥ ಸದ್ದು ಬಂತು. ಹಿಂದಿನವನು ಏನೋ ಏನೋ ಎಂದು ತಿವಿದ, ತಂತಿ ಅವನಿಗೆ ಹೇಳಿದ, ಆಮೇಲೆ ಅದು ಸಾಲಿನಿಂದ ಸಾಲಿಗೆ ಹರಿಯಿತು. ‘ಟೀಚರ್, ಗೋಳು ಉರುಳೋಕೆ ಇಳಿಜಾರೇ ಬೇಕಾ? ನಮ್ಮಪ್ಪಂದು ಸಮನೆಲದಲ್ಲೇ ಉರುಳುತ್ತೆ’ ಎಂದು ಒಬ್ಬಳು ಎದ್ದು ಕೇಳಿದಳು. ಗೋಡೆ ನಡುಗುವಂಥ ನಗು. ಅಜ್ಜಿ ಬೋರ್ಡನ್ನು ಓದಿದಳು. ಆಮೇಲೆ ತಿರುಗಿ ಇಡೀ ಕ್ಲಾಸನ್ನು ಬಿಟ್ಟು ನನ್ನ ಕಡೆ ನೋಡಿದಳು. ಕಿಟಕಿಯ ಸಾಲಿಗೂ ಬೋರ್ಡಿಗೂ ಇದ್ದದ್ದು ನಾಲ್ಕು ಹೆಜ್ಜೆ. ಅವಳ ಕಿವಿ ಚುರುಕು. ಸೀಮೆಸುಣ್ಣವನ್ನು ಡಬ್ಬಿಯಲ್ಲಿಟ್ಟು, ಮುಚ್ಚಳ ಒತ್ತಿ, ಡಬ್ಬಿ ಹಿಡಿದುಕೊಂಡು ಹೊರಗೆ ಹೋದಳು. ಮರಳಿ ಬರಲಿಲ್ಲ. ತಪ್ಪನ್ನು ಹಿಡಿದು ನಗಿಸಿದ್ದೂ ಇಲ್ಲ, ಏನೂ ಇಲ್ಲ. ಅಳಿಸಿ ಕೂಡ ಹೋಗಲಿಲ್ಲ.

ಅತ್ತೆಯ ಕಥೆಯಿಂದ ಬಿಟ್ಟುಹೋದದ್ದು ಒಂಬತ್ತು ದಿನ. ಒಂಬತ್ತು ದಿನ ಅವಳು ಹಣೆಗೆ ಒದ್ದೆಬಟ್ಟೆ ಹಾಕಿಕೊಂಡು ಮಲಗಿದ್ದಳು, ಜ್ವರವಿಲ್ಲದೆ. ತಾತ ಥರ್ಮಾಮೀಟರ್ ಹಿಡಿದು ಬಂದರೆ ಗೋಡೆಯ ಕಡೆ ತಿರುಗುತ್ತಿದ್ದಳು. ಅಡುಗೆಗೆ ಉಪ್ಪು ಎಷ್ಟು ಎಂದು ಹಾಸಿಗೆಯಿಂದಲೇ ಹೇಳುತ್ತಿದ್ದಳು, ಅದೂ ಮೆಲ್ಲಗೆ. ಐದನೆಯ ದಿನ ನಾನು ಸ್ಕೇಲು ಹುಡುಕುತ್ತ ಅವಳ ಮೇಜಿನ ಖಾನೆ ಎಳೆದಾಗ ಗೆರೆಹಾಳೆಯ ಮೇಲೆ ಆ ದುಂಡನೆಯ ಅಕ್ಷರ ಕಂಡಿತು. ‘ವೈಯಕ್ತಿಕ ಕಾರಣಗಳಿಂದ.’ ನೀನೂ ಅದೇ ಎರಡು ಪದ ಬರೆದಿದ್ದೀಯಂತೆ. ಅವಳು ನಿನಗಿಂತ ಜಾಗ್ರತೆ, ತಾರೀಖಿನ ಜಾಗ ಖಾಲಿ ಬಿಟ್ಟಿದ್ದಳು.

ಕ್ಲಾಸಿನಲ್ಲಿ ಅವಳ ಬದಲು ಡ್ರಿಲ್ ಮಾಸ್ಟರ್ ಬಂದು ಕೂರುತ್ತಿದ್ದರು. ಅವರ ಭೌತಶಾಸ್ತ್ರವೆಂದರೆ ಬಾಯಿಯ ಮೇಲೆ ಬೆರಳು. ನಲವತ್ತೈದು ನಿಮಿಷ ಎಲ್ಲರ ಬಾಯಿಯ ಮೇಲೂ ಬೆರಳು, ಅವರು ಸೀಟಿಯ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ಒಂಬತ್ತನೆಯ ದಿನ ಸಂಜೆ ನಾನು ಅವಳ ಹಾಸಿಗೆಯ ಪಕ್ಕ ನಿಂತು ಒಂದು ಸುಳ್ಳು ಹೇಳಿದೆ. ಪಶ್ಚಾತ್ತಾಪದಿಂದ ಹೇಳಿದೆ ಎಂದು ಬರೆದರೆ ಓದಲು ಹಿತವಾಗಿರುತ್ತದೆ. ನೆನಪಿರುವುದು ಬೇರೆ. ಬೆಳಗ್ಗೆ ಆರಕ್ಕೆ ಮನೆ ಸುಮ್ಮನಿರುತ್ತಿತ್ತು. ಹಾಲು ಉಕ್ಕುವುದನ್ನು ಯಾರೂ ಬೈಯುತ್ತಿರಲಿಲ್ಲ, ಅದು ತನ್ನ ಪಾಡಿಗೆ ಉಕ್ಕಿ ಒಲೆಗೆ ಅಂಟುತ್ತಿತ್ತು. ನನಗೆ ಅದನ್ನು ತಡೆಯಲಾಗಲಿಲ್ಲ, ಅಷ್ಟೆ. ‘ಡ್ರಿಲ್ ಮಾಸ್ಟರ್ ನಿನ್ನ ಪಾಠ ಮುಗಿಸಿಬಿಟ್ರು’ ಅಂದೆ. ‘ಎರಡು ಗೋಳದಲ್ಲಿ ಯಾವುದು ಭಾರವೋ ಅದೇ ಮೊದಲು ಬರುತ್ತೆ ಅಂದ್ರು.’

ಹಣೆಯ ಬಟ್ಟೆ ಕೆಳಗೆ ಬಿತ್ತು. ‘ಏನಂದ?’ ‘ಭಾರ ಇರೋದು ಮೊದಲು ಬರುತ್ತಂತೆ.’ ‘ಬಾಯಲ್ಲಿ ಅಂದನಾ, ಬರೆಸಿದನಾ?’ ‘ಬರೆಸಿದ್ರು. ಅಡಿಗೆರೆ ಹಾಕಿಸಿದ್ರು.’ ‘ಅಯ್ಯೋ ಅವನ ಸೀಟಿಗಿಷ್ಟು!’ ಎಂದು ಎದ್ದೇಬಿಟ್ಟಳು. ಗೋಡೆಯ ಕಪಾಟಿನಿಂದ ಪುಸ್ತಕಗಳನ್ನು ನೆಲಕ್ಕೆ ಸುರಿದು ಹಲಗೆಯನ್ನು ಕಿತ್ತುಕೊಂಡಳು. ಒಂದು ತುದಿಗೆ ಎರಡು ನಿಘಂಟು ಕೊಟ್ಟು, ಇನ್ನೊಂದು ತುದಿಯನ್ನು ಬಾಗಿಲಿಗೆ ಆನಿಸಿದಳು. ತಾತನ ಉಪಕರಣದ ಪೆಟ್ಟಿಗೆಯಿಂದ ಒಂದು ಉಕ್ಕಿನ ಗುಂಡು, ನನ್ನ ಜೇಬಿನಿಂದ ಒಂದು ಗಾಜಿನ ಗೋಲಿ. ಉಕ್ಕಿನದು ಗೋಲಿಗಿಂತ ಮೂರು ಪಟ್ಟು ತೂಕ. ‘ನೋಡಬೇಡ. ಕಣ್ಣು ಮುಚ್ಚಿ ಕೇಳು’ ಅಂದಳು. ಎರಡನ್ನೂ ಒಟ್ಟಿಗೆ ಬಿಟ್ಟಳು. ಬಾಗಿಲಿಗೆ ಬಡಿದದ್ದು ಒಂದೇ ಸದ್ದು. ಮತ್ತೆ ಬಿಟ್ಟಳು, ಒಂದೇ ಸದ್ದು. ಅತ್ತೆಯ ಪುಟ್ಟ ರಬ್ಬರ್ ಚೆಂಡನ್ನು ಜೊತೆಗೆ ಬಿಟ್ಟಾಗ ಮಾತ್ರ ಎರಡು ಸದ್ದು. ಒಳಗೆ ಖಾಲಿ ಇದ್ದದ್ದು ತಡವಾಗಿ ಬಂತು. ‘ತಿಳೀತಾ? ಎಷ್ಟು ಭಾರ ಅನ್ನೋದು ಲೆಕ್ಕಕ್ಕೇ ಇಲ್ಲ’ ಎಂದಳು. ಅವಳ ಕೂದಲು ಬಿಚ್ಚಿಹೋಗಿತ್ತು, ಒಂಬತ್ತು ದಿನದಲ್ಲಿ ಮೊದಲ ಸಲ ಏದುಸಿರು ಬಿಡುತ್ತಿದ್ದಳು.

ಮರುದಿನ ಅವಳು ಶಾಲೆಗೆ ಹೋದದ್ದು ನಗುವನ್ನು ಎದುರಿಸಲಲ್ಲ, ಮರೀ. ಡ್ರಿಲ್ ಮಾಸ್ಟರರ ತಪ್ಪು ತಿದ್ದಲು. ಒಳಗೆ ಕಾಲಿಟ್ಟಾಗ ಯಾರೋ ‘ಗೋಳು ಬಂತು’ ಎಂದು ಪಿಸುಗುಟ್ಟಿದರು. ಕೇಳಿಸಿರಬೇಕು, ಆದರೆ ಆ ಹೊತ್ತಿಗೆ ಅವಳ ತಲೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ‘ಭಾರವಾದದ್ದು ಮೊದಲು ಬರುತ್ತೆ ಅಂತ ಬರ್ಕೊಂಡೋರು ಕೈ ಎತ್ತಿ’ ಅಂದಳು. ಎಲ್ಲರೂ ಮುಖ ಮುಖ ನೋಡಿಕೊಂಡರು. ಯಾರೂ ಬರೆದುಕೊಂಡಿರಲಿಲ್ಲ. ನನಗೆ ಬೇರೆ ದಾರಿ ಇರಲಿಲ್ಲ. ಕೈ ಎತ್ತಿದೆ. ಇಡೀ ಕ್ಲಾಸಿನಲ್ಲಿ ಒಂದೇ ಕೈ. ಅವಳು ಆ ಕೈಯನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಡಬ್ಬಿ ತೆರೆದು, ಸೀಮೆಸುಣ್ಣ ತೆಗೆದು, ಒಂದು ಹೊಸ ಲೆಕ್ಕ ಬರೆದಳು.

‘ಸುಳ್ಳು ಹೇಳಿದ ಹುಡುಗನೊಬ್ಬ ಸೆಕೆಂಡಿಗೆ ಮೂರು ಮೀಟರಿನಂತೆ ಓಡುತ್ತಾನೆ. ಅವನಿಗಿಂತ ಹನ್ನೆರಡು ಮೀಟರ್ ಹಿಂದೆ ಅವನ ತಾಯಿ, ಕೈಯಲ್ಲಿ ಸೌಟು, ವೇಗ ಸೆಕೆಂಡಿಗೆ ಮೂರೂವರೆ ಮೀಟರ್. ಹುಡುಗನಿಂದ ಗೇಟಿಗೆ ಅರವತ್ತು ಮೀಟರ್. ಹುಡುಗ ತಪ್ಪಿಸಿಕೊಳ್ಳುತ್ತಾನೋ?’ ಮೊದಲು ಯಾರಿಗೂ ನಗಬಹುದೆಂದು ಗೊತ್ತಾಗಲಿಲ್ಲ. ಸೌಟಿನ ಹತ್ತಿರ ಬಂದಾಗ ತಂತಿಯ ಮೂಗು ಸೀಟಿ ಹಾಕಿತು. ಆಮೇಲೆ ಎಲ್ಲರೂ ತಲೆ ಬಗ್ಗಿಸಿ ಲೆಕ್ಕಕ್ಕೆ ಬಿದ್ದರು. ಆ ಕ್ಲಾಸು ಅಷ್ಟು ಶ್ರದ್ಧೆಯಿಂದ ಲೆಕ್ಕ ಮಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ‘ತಪ್ಪಿಸ್ಕೊಂಡ ಟೀಚರ್! ಅರ್ಧ ಸೆಕೆಂಡಲ್ಲಿ ಬಚಾವ್!’ ಎಂದು ತಂತಿಯೇ ಕೂಗಿದ. ಅವಳು ಬೋರ್ಡಿನ ಕಡೆ ತಿರುಗಿಕೊಂಡೇ ‘ಇಲ್ಲ. ಗೇಟಿಗೆ ಬೀಗ ಹಾಕಿದೆ’ ಅಂದಳು. ‘ಅದನ್ನ ಲೆಕ್ಕದಲ್ಲಿ ಕೊಟ್ಟಿಲ್ಲವಲ್ಲ ಟೀಚರ್?’ ‘ಓಡೋನಿಗೂ ಕೊಟ್ಟಿರಲ್ಲ.’

ಆಗ ಎದ್ದ ನಗು ನನ್ನ ಮೇಲೆ ಬಿದ್ದ ನಗು. ಕಿವಿ ಕಾದವು, ಡೆಸ್ಕಿನ ಮೇಲಿನ ಶಾಯಿಯ ಕಲೆಯನ್ನು ಉಗುರಿನಿಂದ ಕೆರೆಯುತ್ತ ಕೂತೆ. ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಭುಜ ಸಣ್ಣಗೆ ಕುಲುಕುತ್ತಿತ್ತು. ಅದು ನಗುವೋ ಏನೋ, ನಾನು ಇವತ್ತಿಗೂ ಆಣೆ ಇಟ್ಟು ಹೇಳಲಾರೆ.

ಆಮೇಲಿನದು ನಿನಗೆ ಗೊತ್ತಿರುವಂಥದೇ. ತೂಕಡಿಸುವ ಹೆಡ್‌ಮಾಸ್ಟರರ ತಲೆ ನಿಮಿಷಕ್ಕೆ ಹನ್ನೆರಡು ಸಲ ತೂಗಿದರೆ ಅದರ ಆವರ್ತಕಾಲವೆಷ್ಟು. ಜಗಳವಾಡಿದ ಗಂಡಹೆಂಡತಿ ಬೀರುವನ್ನು ಎರಡು ಕಡೆಯಿಂದ ಸಮಬಲದಲ್ಲಿ ತಳ್ಳಿದರೆ ಬೀರು ಎಲ್ಲಿಗೆ ಹೋಗುತ್ತದೆ (ಎಲ್ಲಿಗೂ ಹೋಗುವುದಿಲ್ಲ, ಮೊದಲು ಹೋಗುವವನು ಗಂಡ). ನಾನು ಆ ಲೆಕ್ಕಗಳಲ್ಲಿ ವರ್ಷಗಟ್ಟಲೆ ಓಡಿದೆ, ಜಾರಿದೆ, ಮರದಿಂದ ಬಿದ್ದೆ, ಬಾವಿಗೆ ಕಲ್ಲು ಹಾಕಿ ಸದ್ದು ಕೇಳಲು ಕಾದೆ. ನಾನು ಕಾಲೇಜಿಗೆ ಹೋದ ಮೇಲೂ ಅವಳ ಕ್ಲಾಸಿನಲ್ಲಿ ಆ ಹುಡುಗ ಓಡುತ್ತಲೇ ಇದ್ದ. ನಿನಗೆ ಗೊತ್ತಿಲ್ಲದ್ದೆಂದರೆ, ಅವಳು ನಿವೃತ್ತಳಾಗುವವರೆಗೂ ಸೋಮವಾರ ಬೆಳಗ್ಗೆ ಅವಳ ಹೊಟ್ಟೆ ಕೆಡುತ್ತಿತ್ತು. ಬಚ್ಚಲುಮನೆಯ ಬಾಗಿಲು ತಟ್ಟಿ ‘ಬಸ್ ಹೋಗುತ್ತೆ’ ಎಂದು ತಾತ ಕೂಗಬೇಕಿತ್ತು. ಎಲ್ಲರನ್ನೂ ನಗಿಸುವ ಟೀಚರ್ ಎಂದು ಊರೆಲ್ಲ ಹೆಸರಾದ ಮೇಲೂ ಅದು ನಿಲ್ಲಲಿಲ್ಲ.

ಇನ್ನೊಂದು ವಿಷಯ ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ, ಇಲ್ಲಿ, ಕೈಯಲ್ಲೊಂದು ತೂಕದ ಬಟ್ಟು ಹಿಡಿದು ಕೂತಿದ್ದಾಗ. ಡ್ರಿಲ್ ಮಾಸ್ಟರರ ಜೊತೆ ಅವಳು ಎಂಟು ವರ್ಷ ಕೆಲಸ ಮಾಡಿದ್ದಳು. ಅವರು ಹಾಜರಿ ಪುಸ್ತಕವನ್ನು ಕೂಡ ಬೇರೆಯವರ ಕೈಯಲ್ಲಿ ಬರೆಸುತ್ತಿದ್ದ ಮನುಷ್ಯ. ಅಂಥವರು ಪಾಠ ಬರೆಸಿದರು, ಅಡಿಗೆರೆ ಹಾಕಿಸಿದರು ಎಂದರೆ ಅವಳು ನಂಬಿದ್ದಾದರೂ ಹೇಗೆ? ನಂಬಿರಲಿಲ್ಲವೇನೋ. ಹಾಸಿಗೆಯಿಂದ ಏಳಲು ಅವಳಿಗೂ ಒಂದು ನೆಪ ಬೇಕಾಗಿತ್ತೇನೋ, ನಾನು ತಂದದ್ದು ಕೈಗೆ ಸಿಕ್ಕ ಮೊದಲ ನೆಪವಿರಬಹುದು. ಈಗ ಕೇಳೋಣವೆಂದರೆ ಅವಳಿಲ್ಲ. ಕೇಳಿದ್ದರೂ ‘ಮೊದಲು ನೀನು ಹೇಳು, ತಂತಿಯ ಕಿವಿಯಲ್ಲಿ ಏನಂದೆ’ ಅನ್ನುತ್ತಿದ್ದಳು.

ಹಾಗಾಗಿ, ನೀನು ಅಜ್ಜಿ ಅಲ್ಲ ಎನ್ನುವುದು ಸರಿ. ಆದರೆ ನೀನು ಯಾವ ಅಜ್ಜಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಗೆ ಬರೆದೆಯೋ, ಅವಳೂ ಆ ಅಜ್ಜಿಯಾಗಿರಲಿಲ್ಲ. ನಾಲ್ಕು ದಿನ ಬಾಗಿಲು ಹಾಕಿಕೊಂಡು ಕೂತದ್ದಕ್ಕೆ ನಾಚಿಕೆಪಡಬೇಡ. ಇನ್ನೂ ಐದು ದಿನ ಬಾಕಿ ಇವೆ ಎಂದು ತಿಳಿದುಕೋ. ಊಟ ಬಿಡಬೇಡ. ಸ್ವೆಟರ್ ಬೇರೆ ಪಾರ್ಸೆಲಿನಲ್ಲಿ ಬರುತ್ತದೆ, ಬಣ್ಣ ಇಷ್ಟವಾಗದಿದ್ದರೆ ಅಮ್ಮನಿಗೆ ಹೇಳಬೇಡ. ನಿನ್ನ ಮನೆಯ ಓನರಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಎಲ್ಲಿದ್ದರೂ ಚೆನ್ನಾಗಿರು ಎಂದು ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸುವ,

ನಿನ್ನ ಅಪ್ಪ

ತಾ. ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿದ್ದೇನೆ, ಅಂದಗೆಟ್ಟಿದ್ದರೆ ಕ್ಷಮಿಸು. ಪೆಟ್ಟಿಗೆಯಿಂದ ಟಪಾಲು ತೆಗೆಯುವವನು ನಾಲ್ಕಕ್ಕೆ ಬರುತ್ತಾನೆ, ಬೇಗ ಬರೆಯುತ್ತೇನೆ. ನಿನ್ನಮ್ಮನಿಗೆ ಗೊತ್ತಿದ್ದು ನಿನಗೆ ಗೊತ್ತಿಲ್ಲದ್ದು ಒಂದಿದೆ. ಈ ಅಂಗಡಿಗೆ ಬರುವ ಮೊದಲು ನಾನೂ ಭೌತಶಾಸ್ತ್ರದ ಮೇಷ್ಟ್ರಾಗಿದ್ದೆ. ಹನ್ನೊಂದು ವಾರ. ಹುಡುಗರು ನನಗಿಟ್ಟ ಹೆಸರನ್ನು ಈಗಲೂ ಬರೆಯಲಾರೆ. ನಾನು ರಾಜೀನಾಮೆ ಕೊಟ್ಟೆ, ಒಂದು ಬೆಳಗ್ಗೆ, ಮೊದಲ ಗಂಟೆ ಹೊಡೆಯುವ ಮುಂಚೆ. ಹೆಡ್‌ಮಾಸ್ಟರ್ ಓದಿದರು, ಸಹಿ ಮಾಡಿದರು, ಒಳ್ಳೆಯದಾಗಲಿ ಅಂದರು. ಐದು ನಿಮಿಷ ಹಿಡಿಯಲಿಲ್ಲ. ನಿನ್ನ ಅಜ್ಜಿ ಬೈಯಲಿಲ್ಲ, ಆದರೆ ಆಮೇಲೆ ಯಾವ ಲೆಕ್ಕದಲ್ಲೂ ನನ್ನನ್ನು ಓಡಿಸಲಿಲ್ಲ. ಇಪ್ಪತ್ತೇಳು ವರ್ಷದಿಂದ ಈ ಕೋಣೆಯಲ್ಲಿದ್ದೇನೆ. ಕೆಲಸದ ಮೇಲೆ ದೂರಿಲ್ಲ. ಒಬ್ಬರೂ ನನ್ನನ್ನು ನೋಡಿ ನಕ್ಕಿಲ್ಲ. ನೀನು ಕೊಡುವುದಿದ್ದರೆ ಕೊಡು, ಮನೆಯಲ್ಲಿ ನಿನ್ನ ಮಂಚ ಹಾಗೇ ಇದೆ, ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಆದರೆ ಬೆಳಗ್ಗೆ ಹೋದ ಕೂಡಲೇ ಕೊಡಬೇಡ. ಮೊದಲ ಪೀರಿಯಡ್ ತೆಗೆದುಕೊಂಡು, ಅದು ಮುಗಿದ ಮೇಲೆ ಕೊಡು.